ಲ್ಯಾಪ್‌ಟಾಪ್ ಹಿಡಿದು ನಿಂತವನು

ನಮ್ಮೂರಲ್ಲಿ ಫೈರ್ ಇಂಜಿನ್ ಅಂದರೆ ನಗೆಚಾಟಿಕೆಯ ಮಾತು. ಮಂಡ್ಯ ಜಿಲ್ಲೆಯ ಊರು, ಸುತ್ತಲೂ ಕಬ್ಬು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಬೇಸಿಗೆಯ ಮಧ್ಯಾಹ್ನ ಯಾರೋ ತರಗಿಗೆ ಇಟ್ಟ ಬೆಂಕಿ ಗಾಳಿಗೆ ಎದ್ದು ಪಕ್ಕದ ಗದ್ದೆಯಲ್ಲಿ ನಿಂತಿದ್ದ ಕಬ್ಬಿಗೆ ಹಾರಿತು. ಗಂಡಸರು ಹೊಂಗೆಯ ಹಸಿ ಕೊಂಬೆ ಮುರಿದುಕೊಂಡು ಬಡಿದರು, ಹೆಂಗಸರು ಬಿಂದಿಗೆ ಹಿಡಿದು ಓಡಾಡಿದರು. ಉಳಿಯುವುದು ಉಳಿದು ಹೋಗುವುದು ಹೋಗಿ, ಎಲ್ಲರೂ ಬದುವಿನ ಮೇಲೆ ಕೂತು ಬೀಡಿ ಹಚ್ಚುವ ಹೊತ್ತಿಗೆ ತಾಲ್ಲೂಕಿನಿಂದ ಕೆಂಪು ಗಾಡಿ ಗಂಟೆ ಬಾರಿಸಿಕೊಂಡು ಬಂತು. ‘ಬೂದಿ ಎಣಿಸಕ್ ಬಂದವ್ರೆ ಕಣ್ರಲಾ’ ಎಂದರು ನಮ್ಮ ದೊಡ್ಡಪ್ಪ. ಬದುವಿನ ಮೇಲಿದ್ದವರೆಲ್ಲ ನಕ್ಕರು. ಅವತ್ತಿನಿಂದ ಮದುವೆ ಮನೆಗೆ ಕೊನೆಯ ಪಂಕ್ತಿಗೆ ಬಂದವನಿಗೂ, ಪರೀಕ್ಷೆಯ ಹಿಂದಿನ ದಿನ ಪುಸ್ತಕ ಹಿಡಿದವನಿಗೂ ನಮ್ಮಲ್ಲಿ ‘ಫೈರ್ ಇಂಜಿನ್’ ಎಂದೇ ಹೆಸರು. ಬಂದವರು ಇಪ್ಪತ್ತು ಕಿಲೋಮೀಟರ್ ಹಳ್ಳಿ ರಸ್ತೆಯಲ್ಲಿ ಬಂದಿದ್ದರು, ಅವರಿಗೆ ಫೋನು ಹೋದದ್ದೇ ಅರ್ಧ ಗದ್ದೆ ಉರಿದ ಮೇಲೆ ಎಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ. ನಾನೂ ಹಾಕಲಿಲ್ಲ, ಹೋದ ಮಾರ್ಚ್ ತನಕ.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಮಹಡಿಯ ಮೇಲಿನ ಒಂಟಿ ರೂಮಿನಲ್ಲಿ ನಾಲ್ಕು ವರ್ಷದಿಂದ ಬಾಡಿಗೆಗೆ ಇದ್ದೇನೆ. ಪಿಎಚ್‌ಡಿ ಮಾಡುತ್ತಿದ್ದೇನೆ, ವಿಷಯ ವೀರಗಲ್ಲುಗಳು. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವರು, ಊರಳಿವಿನಲ್ಲಿ ಸತ್ತವರು, ಹೆಣ್ಣಿನ ಕೂಗಿಗೆ ಓಗೊಟ್ಟು ಓಡಿ ಹೋಗಿ ಸತ್ತವರು, ಇವರ ಕಲ್ಲುಗಳನ್ನು ಹುಡುಕಿಕೊಂಡು ಕೆರೆ ಏರಿ, ಹಾಳು ಗುಡಿ, ಬೇಲಿಸಾಲು ಅಲೆಯುವುದು ನನ್ನ ಕೆಲಸ. ಕೆಳಗೆ ಓನರ್ ಆಂಟಿಯ ಸಂಸಾರ. ಅಂಕಲ್‌ಗೆ ಬೇರೆ ಊರಿನಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಹಿಂದಿನ ರೂಮಿನಲ್ಲಿ ಆಂಟಿಯ ಅತ್ತೆ ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಮಂಚವೇ ಅವರ ಲೋಕ.

ಅಜ್ಜಿಗೆ ಕಣ್ಣು ಮಂಜು. ಭಾನುವಾರ ಬೆಳಿಗ್ಗೆ ಅವರಿಗೆ ಪೇಪರ್ ಓದುವುದು ನನ್ನ ಪಾಲಿನ ಕೆಲಸ. ರಾಜಕೀಯ ಬೇಡ, ಸಿನಿಮಾ ಬೇಡ, ನೇರ ಶ್ರದ್ಧಾಂಜಲಿಯ ಪುಟ. ‘ಯಾರ್ಯಾರು ಹೋದ್ರು ಓದಪ್ಪ’ ಎನ್ನುತ್ತಾರೆ. ನಾನು ಹೆಸರು, ವಯಸ್ಸು, ಊರು ಓದುತ್ತೇನೆ. ಪುಟ ಮುಗಿದ ಮೇಲೆ ಪ್ರತಿ ವಾರವೂ ಅದೇ ಪ್ರಶ್ನೆ: ‘ನನ್ನ ಹೆಸರಿಲ್ಲ ತಾನೇ?’ ‘ಇಲ್ಲ ಅಜ್ಜಿ.’ ‘ಹಂಗಾದ್ರೆ ಕಾಫಿ ಕುಡಿಯಣ.’

ಅದೊಂದು ಬುಧವಾರದ ಸಂಜೆ. ಆಂಟಿ ತರಕಾರಿ ತರಲು ಹೋಗಿದ್ದರು. ನಾನು ಮೂರನೆಯ ಅಧ್ಯಾಯ ತಿದ್ದುತ್ತಿದ್ದೆ. ಗೈಡ್‌ಗೆ ಶುಕ್ರವಾರ ಕೊಡಬೇಕಿತ್ತು. ಏಳೂವರೆಯ ಸುಮಾರಿಗೆ ಕರೆಂಟು ಹೋಯಿತು. ಲ್ಯಾಪ್‌ಟಾಪ್‌ನ ಬೆಳಕಿನಲ್ಲೇ ಇನ್ನೊಂದು ಪ್ಯಾರಾ ಮುಗಿಸಿದೆ. ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಬಾಗಿಲು ತೆಗೆದರೆ ಕೆಳಗಿನ ಹಾಲ್‌ನ ಕಿಟಕಿಯಿಂದ ಕಪ್ಪು ಹೊಗೆ ಸುರುಳಿ ಸುತ್ತಿಕೊಂಡು ಮೇಲೆ ಬರುತ್ತಿತ್ತು. ಗಾಜಿನ ಹಿಂದೆ ಕಿತ್ತಳೆ ಬಣ್ಣ ಆಡುತ್ತಿತ್ತು. ಸ್ವಿಚ್‌ಬೋರ್ಡಿನಲ್ಲಿ ಶಾರ್ಟ್ ಆಗಿ, ಕಿಡಿ ಕೆಳಗಿದ್ದ ಸೋಫಾದ ಮೇಲೆ ಬಿದ್ದಿತ್ತೆಂದು ಆಮೇಲೆ ತಿಳಿಯಿತು.

ನಾನು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿದೆ. ಹಾರ್ಡ್ ಡಿಸ್ಕ್ ಹುಡುಕಿ ಹಾಕಿದೆ. ಕ್ಷೇತ್ರಕಾರ್ಯದ ಎರಡು ನೋಟ್‌ಬುಕ್ ಹಾಕಿದೆ. ಜಿಪ್ ಎಳೆದೆ. ಮನೆಯ ಪಕ್ಕದ ಹೊರಮೆಟ್ಟಿಲನ್ನು ಎರಡೆರಡಾಗಿ ಇಳಿದು ರಸ್ತೆಗೆ ಬಂದು, ಎದುರುಮನೆಯ ಕಾಂಪೌಂಡಿಗೆ ಒರಗಿ ನಿಂತು, ‘ಸದ್ಯ’ ಎಂದುಕೊಂಡೆ. ನಾಲ್ಕು ವರ್ಷದ ಕೆಲಸ ಎದೆಗೆ ಅವಚಿಕೊಂಡಿದ್ದೆ.

ಬೀದಿ ಮೂಲೆಯ ಇಸ್ತ್ರಿ ಅಂಗಡಿಯವರು ಆಗಲೇ ಫೋನ್ ಮಾಡಿದ್ದರು. ಜನ ಸೇರಿದರು. ಯಾರೋ ಬಕೆಟ್‌ನಲ್ಲಿ ನೀರು ತಂದರು, ಇನ್ಯಾರೋ ‘ಕರೆಂಟ್ ಇರತ್ತೆ, ಎರಚಬೇಡಿ’ ಎಂದು ಕೂಗಿದರು. ಅಷ್ಟರಲ್ಲಿ ಆಂಟಿ ಬಂದರು. ಚೀಲ ಅಲ್ಲೇ ಬಿತ್ತು, ಟೊಮೆಟೊ ಉರುಳಿದವು. ನನ್ನ ಮುಖ ನೋಡಿ ಕೇಳಿದರು: ‘ಅಜ್ಜಿ ಎಲ್ಲಪ್ಪಾ?’

ಆ ಕ್ಷಣದವರೆಗೂ ನನಗೆ ಅಜ್ಜಿಯ ನೆನಪೇ ಬಂದಿರಲಿಲ್ಲ. ಬರಲಿಲ್ಲ, ಅಷ್ಟೇ. ಧೈರ್ಯ ಸಾಲಲಿಲ್ಲ ಎಂದಾಗಿದ್ದರೆ ಅದು ಬೇರೆ ಮಾತು. ಹಾರ್ಡ್ ಡಿಸ್ಕ್ ಯಾವ ಡ್ರಾಯರಿನಲ್ಲಿದೆ ಎಂದು ಕತ್ತಲಲ್ಲೂ ನೆನಪಾದವನಿಗೆ, ತಾನು ನಿಂತ ನೆಲದ ಕೆಳಗೆ ಎದ್ದು ನಡೆಯಲಾಗದ ಒಂದು ಜೀವ ಮಲಗಿದೆ ಎಂಬುದು ನೆನಪಾಗಿರಲಿಲ್ಲ.

ಬ್ಯಾಗ್ ಅಲ್ಲೇ ಬಿಟ್ಟು ಓಡಿದೆ. ಮುಂಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟಿರಬೇಕು. ಹೊಗೆ ಎಂದರೆ ಬಚ್ಚಲೊಲೆಯ ಹೊಗೆ ಎಂದುಕೊಂಡವನು ನಾನು. ಇದು ಹಾಗಲ್ಲ. ಕಣ್ಣು ಮುಚ್ಚಿಕೊಂಡವು, ಗಂಟಲು ಹಿಡಿದುಕೊಂಡಿತು, ಬಲ ಯಾವುದು ಎಡ ಯಾವುದು ತಿಳಿಯದೆ ಹೋಯಿತು. ಯಾರೋ ಅಂಗಿ ಹಿಡಿದು ಹೊರಗೆಳೆದರು. ಸೋಫಾದೊಳಗಿನ ಫೋಮ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಮಾತ್ರವಲ್ಲ, ಹೈಡ್ರೋಜನ್ ಸಯನೈಡ್ ಕೂಡ ಹೊರಡುತ್ತದೆ, ಮನೆಗೆ ಬೆಂಕಿ ಬಿದ್ದಾಗ ಉರಿಗೆ ಸಿಕ್ಕಿ ಸಾಯುವುದಕ್ಕಿಂತ ಹೊಗೆ ಕುಡಿದು ಸಾಯುವವರೇ ಹೆಚ್ಚು ಎಂದು ಆಮೇಲೆ ಓದಿದೆ. ಆಗ ತಿಳಿದದ್ದು ಇಷ್ಟೇ: ಈ ಬಾಗಿಲಿನಿಂದ ನಾನು ಒಳಗೆ ಹೋಗಲಾರೆ.

ಇಸ್ತ್ರಿ ಅಂಗಡಿಯವರು ಮೊದಲು ಫೋನ್ ಮಾಡಿದ್ದು 7:41ಕ್ಕೆ. ‘ಎಲ್ಲಿದೀರಿ’ ಎಂದು ಎರಡನೆಯ ಸಲ ಮಾಡಿದ್ದು 7:52ಕ್ಕೆ. ಆ ಮಾತು ಮುಗಿಯುವ ಮೊದಲೇ ಬೀದಿಯ ಬಾಯಲ್ಲಿ ಸೈರನ್ ಕೇಳಿಸಿತು. 11 ನಿಮಿಷ. ‘ಎಲ್ಲಾ ಸುಟ್ಟ ಮೇಲೆ ಬಂದ್ರು’ ಎಂದು ನನ್ನ ಹಿಂದೆ ಯಾರೋ ಹೇಳಿದರು, ನಮ್ಮ ದೊಡ್ಡಪ್ಪನ ದನಿಯಲ್ಲೇ.

ಬಂದ ಗಾಡಿ ಬೀದಿಯ ಬಾಯಲ್ಲೇ ನಿಂತಿತು. ಎರಡೂ ಬದಿಗೆ ಕಾರುಗಳು. ನಡುವೆ ಉಳಿದ ಜಾಗಕ್ಕೆ ಒಂದು ಸ್ಕೂಟರ್ ಅಡ್ಡ. ಅದು ನನ್ನದು. ‘ಒಳಗೆ ನಿಲ್ಲಿಸ್ಕೊಳಪ್ಪ’ ಎಂದು ಆಂಟಿ ಎಷ್ಟು ಸಲ ಹೇಳಿದ್ದರೋ. ಗೇಟು ತೆಗೆಯುವ ಸೋಮಾರಿತನ. ಹ್ಯಾಂಡಲ್ ಲಾಕ್ ಆಗಿತ್ತು, ಕೀ ಮೇಲೆ ರೂಮಿನ ಮೊಳೆಗೆ ತೂಗುತ್ತಿತ್ತು. ಲ್ಯಾಪ್‌ಟಾಪ್ ತಂದವನು ಕೀ ತಂದಿರಲಿಲ್ಲ. ಖಾಕಿ ತೊಟ್ಟ ನಾಲ್ವರು ಜಿಗಿದು ಬಂದು, ಯಾರದಿದು ಎಂದು ಕೂಡ ಕೇಳದೆ, ಅದನ್ನು ಆಟದ ಸಾಮಾನಿನಂತೆ ಎತ್ತಿ ಚರಂಡಿಯಾಚೆ ಇಟ್ಟರು. ಅಷ್ಟರಲ್ಲೇ ಉಳಿದವರು ಪೈಪು ಬಿಚ್ಚಿ ಓಡುತ್ತಿದ್ದರು.

ಅಧಿಕಾರಿ ಐವತ್ತರ ಆಸುಪಾಸಿನವರು. ಮನೆಯನ್ನು ಒಂದು ಸಲ ನೋಡಿ, ಗುಂಪಿನ ಕಡೆ ತಿರುಗಿ ಮೂರೇ ಪ್ರಶ್ನೆ ಕೇಳಿದರು. ಒಳಗೆ ಯಾರಿದ್ದಾರೆ? ಯಾವ ರೂಮು? ಗ್ಯಾಸ್ ಎಲ್ಲಿದೆ? ಆಂಟಿಗೆ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ನಾನು ಹೇಳಿದೆ: ಹಾಲ್ ಆದ ಮೇಲೆ ನಡುಮನೆ, ಅದರ ಕೊನೆಗೆ ಬಲಕ್ಕೆ ಅಡುಗೆಮನೆ, ಎಡಕ್ಕೆ ಅಜ್ಜಿಯ ರೂಮು, ಕಿಟಕಿಯ ಕೆಳಗೆ ಮಂಚ, ಅವರಿಗೆ ನಡೆಯಲು ಆಗದು, ಅಡುಗೆಮನೆಯಿಂದ ಹಿತ್ತಿಲಿಗೆ ಒಂದು ಬಾಗಿಲಿದೆ. ಅವರು ತಲೆಯಾಡಿಸಿದರು. ಯಾವನೋ ಹುಡುಗ ಹಾಲ್‌ನ ಇನ್ನೊಂದು ಕಿಟಕಿ ಒಡೆಯಲು ಕಲ್ಲೆತ್ತಿದ್ದ. ‘ಏ, ಕಲ್ಲು ಕೆಳಗಿಡು’ ಎಂದು ಗದರಿದರು. ಹೊಗೆ ಹೊರಗೆ ಹೋಗಲಿ ಎಂದು ಅವನ ಲೆಕ್ಕ. ಆದರೆ ಹೊಸ ಗಾಳಿ ಸಿಕ್ಕಿದರೆ ಉಸಿರು ಕಟ್ಟಿಕೊಂಡಿದ್ದ ಬೆಂಕಿ ಒಮ್ಮೆಲೇ ಕೆರಳಿ ಇಡೀ ಕೋಣೆಯನ್ನು ನುಂಗಬಹುದು. ಒಳಗೆ ಜೀವ ಇದ್ದಾಗ ಯಾವ ಬಾಗಿಲನ್ನು ಯಾವಾಗ ತೆಗೆಯಬೇಕು ಎಂಬುದೇ ಒಂದು ವಿದ್ಯೆ.

ಮುಂದಿನಿಂದ ಇಬ್ಬರು ಪೈಪು ಹಿಡಿದು ಕೂತರು. ನಿಂತಲ್ಲ, ಮಂಡಿಯೂರಿ ಕೂತು. ಹೊಗೆ ಮೇಲೆ, ಉಸಿರಾಡಬಹುದಾದ ಗಾಳಿ ಇದ್ದರೆ ನೆಲದ ಹತ್ತಿರ. ನೀರನ್ನು ಬಿಟ್ಟು ಬಿಟ್ಟು ಹೊಡೆಯುತ್ತಿದ್ದರು. ‘ಜೋರಾಗಿ ಹಾಕ್ರೀ’ ಎಂದು ಜನ ಕೂಗಿದರೂ ಅವರು ತಿರುಗಿ ನೋಡಲಿಲ್ಲ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1700 ಲೀಟರಿನಷ್ಟು ಜಾಗ ಬೇಡುತ್ತದೆ. ಮುಚ್ಚಿದ ಮನೆಯೊಳಗೆ ಸಿಕ್ಕಾಪಟ್ಟೆ ನೀರು ಸುರಿದರೆ ಒಳಗಿರುವವರು ಹಬೆಯಲ್ಲೇ ಬೇಯಬಹುದು. ಇನ್ನಿಬ್ಬರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಮುಖಕ್ಕೆ ಮಾಸ್ಕ್ ಹಾಕಿ, ಒಬ್ಬರದನ್ನು ಇನ್ನೊಬ್ಬರು ತಟ್ಟಿ ನೋಡಿಕೊಂಡು ಹಿತ್ತಿಲಿಗೆ ಹೋದರು. ಆ ತಟ್ಟಿ ನೋಡುವುದಕ್ಕೆ ಹತ್ತು ಸೆಕೆಂಡ್ ಹಿಡಿದಿರಬೇಕು. ನನಗೆ ಅದು ಅಸಾಧ್ಯ ನಿಧಾನ ಅನ್ನಿಸಿತು. ಓಡಬಾರದೇ ಇವರು?

ಹಾರೆಯಿಂದ ಹಿತ್ತಿಲ ಬಾಗಿಲು ಮೀಟಿದ ಸದ್ದು. ಆಮೇಲೆ ಏನೂ ಇಲ್ಲ. ಆಂಟಿ ನನ್ನ ಕೈ ಹಿಡಿದುಕೊಂಡಿದ್ದರು, ಉಗುರು ಊರುವಷ್ಟು ಬಿಗಿಯಾಗಿ. ಎಷ್ಟು ಹೊತ್ತು ಎಂದು ಹೇಳಲಾರೆ. ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಸಣ್ಣ ಗಂಟನ್ನು ಇಬ್ಬರು ಹೊತ್ತುಕೊಂಡು ಪಕ್ಕದ ಸಂದಿಯಿಂದ ಬಂದರು. ಗಂಟು ಕೆಮ್ಮಿತು. ಬೀದಿಗೆ ಬೀದಿಯೇ ಒಮ್ಮೆಲೇ ಉಸಿರು ಬಿಟ್ಟಿತು.

ಅಜ್ಜಿಯನ್ನು ಉಳಿಸಿದ್ದರಲ್ಲಿ ಸೊಳ್ಳೆಗಳದ್ದೂ ಒಂದು ಪಾಲಿದೆ. ಸಂಜೆ ಸೊಳ್ಳೆ ಬರುತ್ತವೆಂದು ಆಂಟಿ ಅವರ ರೂಮಿನ ಕಿಟಕಿ ಬಾಗಿಲು ಎರಡನ್ನೂ ಎಳೆದುಕೊಂಡು ಹೋಗಿದ್ದರು. ಮುಚ್ಚಿದ ಮರದ ಬಾಗಿಲು ಹೊಗೆಯನ್ನು ಅಷ್ಟು ಹೊತ್ತು ತಡೆದಿತ್ತು. ಆಂಬುಲೆನ್ಸ್ ಹೊರಟ ಮೇಲೆ ಆ ಇಬ್ಬರು ಮತ್ತೆ ಒಳಗೆ ಹೋಗಿ ಗ್ಯಾಸ್ ಸಿಲಿಂಡರ್ ಹೊರಗೆ ತಂದು ಅದರ ಮೇಲೆ ನೀರು ಬಿಟ್ಟರು. ಒಬ್ಬ ಮಾಸ್ಕ್ ತೆಗೆದ. ನನ್ನ ವಯಸ್ಸಿನ ಹುಡುಗ. ಮುಖವೆಲ್ಲ ಬೆವರು, ಕೆನ್ನೆಯಲ್ಲಿ ಮಾಸ್ಕಿನ ಗುರುತು. ಎದುರುಮನೆಯ ಜಗಲಿಯ ಮೇಲೆ ಕುಸಿದು ಕೂತು, ಕೊಟ್ಟ ನೀರನ್ನು ಗಟಗಟ ಕುಡಿದ.

ಬೆಂಕಿ ಆರಿದ ಮೇಲೂ ಅವರು ಒಂದು ಗಂಟೆಗೂ ಹೆಚ್ಚು ಹೊತ್ತು ಇದ್ದರು. ಸುಟ್ಟ ಸೋಫಾ, ಹಾಸಿಗೆಗಳನ್ನು ಎಳೆದು ತಂದು ಒಡಲು ಬಗೆದು ಕೆಂಡ ಇದೆಯೇ ನೋಡಿದರು, ಗೋಡೆ ಮುಟ್ಟಿ ನೋಡಿದರು. ಮೇಲಿನ ರೂಮಿಗೂ ಹೋಗಿ ಬಂದರು. ಹೊರಡುವಾಗ ಅದೇ ಹುಡುಗ ನನ್ನ ಹತ್ತಿರ ಬಂದು, ‘ಮ್ಯಾಲಿನ ರೂಮು ನಿಮ್ಮದೇನ್ರಿ ಸರ್? ಭಾಳ ಪುಸ್ತಕ ಅದಾವ. ನೆಲದ ಮ್ಯಾಲಿದ್ದವು ಮಂಚದ ಮ್ಯಾಲೆ ಎತ್ತಿಟ್ಟೇವ್ರಿ, ಒಂದೂ ತೊಯ್ದಿಲ್ಲ’ ಎಂದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನನ್ನ ಪುಸ್ತಕಗಳ ಬಗ್ಗೆ ಯೋಚಿಸಲು ಅವನಿಗೆ ಪುರುಸೊತ್ತಿತ್ತು.

ನಾವು ಮೈಸೂರಿನವರು ದಸರೆಗೆ ದೀಪ ಹಚ್ಚಿ ನೋಡುವ ಅರಮನೆಯೇ ಒಂದು ಬೆಂಕಿಯ ನಂತರ ಹುಟ್ಟಿದ್ದು. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋಯಿತು, ಈಗಿನದು ಮುಗಿದದ್ದು 1912ರಲ್ಲಿ. ಸುಟ್ಟದ್ದು ಯಾವಾಗ, ಕಟ್ಟಿದ್ದು ಯಾರು ಎಂದು ಗೈಡುಗಳು ಹೇಳುತ್ತಾರೆ. ಅವತ್ತು ಬೆಂಕಿಗೆ ಎದುರಾಗಿ ನಿಂತವರು ಯಾರು ಎಂದು ಕೇಳಬೇಕೆಂದು ನನಗೂ ಅನ್ನಿಸಿರಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಪೊಟ್ಟಣ ಮೈಸೂರುಪಾಕು ಹಿಡಿದು ಅಗ್ನಿಶಾಮಕ ಠಾಣೆಗೆ ಹೋದೆ. ಅದು ಅಗ್ನಿಶಾಮಕ ಸೇವಾ ಸಪ್ತಾಹದ ಸಮಯ. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿಯ ಬೇಲುಗಳನ್ನೂ ಸಿಡಿಮದ್ದನ್ನೂ ಒಟ್ಟಿಗೆ ಹೊತ್ತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಆರಿಸಲು ಹೋದವರು ಹಡಗಿನ ಮೇಲೂ ಧಕ್ಕೆಯ ಮೇಲೂ ಇದ್ದಾಗಲೇ ಅದು ಸ್ಫೋಟಿಸಿತು. ಸತ್ತ ನೂರಾರು ಜನರಲ್ಲಿ 66 ಮಂದಿ ಅಗ್ನಿಶಾಮಕರು. ಅವರ ನೆನಪಿಗೆ ಈ ವಾರ. ವೀರಗಲ್ಲಿನ ವಿದ್ಯಾರ್ಥಿಗೆ ಇದು ಕೂಡಲೇ ಅರ್ಥವಾಗುವ ಸಂಗತಿ. ನಮ್ಮ ಮಂಡ್ಯದ ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಹತ್ತನೆಯ ಶತಮಾನದಲ್ಲಿ ಕಲ್ಲು ನಿಲ್ಲಿಸಿದ್ದಾರೆ. ಸತ್ತ ವೀರನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಕೊಡುತ್ತಿದ್ದರು.

ಆ ಹುಡುಗ ಡ್ಯೂಟಿಯಲ್ಲಿದ್ದ. ಹಾವೇರಿ ಕಡೆಯವನು. ‘ಬರ್ರಿ ಸರ್, ಕುಂದರ್ರಿ. ಅಜ್ಜಿ ಹೆಂಗದಾರ್ರಿ?’ ಎಂದು ಮೊದಲು ಅದನ್ನೇ ಕೇಳಿದ. ಐದು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದಾರೆ ಎಂದೆ. ಚಹಾ ಬಂತು. ಅವತ್ತು ಬೆನ್ನಿಗೆ ಕಟ್ಟಿದ್ದ ಸಿಲಿಂಡರನ್ನು ತೋರಿಸಿದ. ಒಳಗಿರುವುದು ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಬರೀ ಗಾಳಿ. ಗಾಳಿ ಮುಗಿಯುತ್ತ ಬಂದಾಗ ಅದು ತಾನೇ ಸೀಟಿ ಹೊಡೆಯುತ್ತದೆ.

‘ಸೀಟಿ ಹೊಡದ್ರ?’

‘ಹೊರಗ ಬರಬೇಕ್ರಿ.’

‘ಒಳಗೆ ಇನ್ನೂ ಯಾರಾದರೂ ಇದ್ದರೆ?’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಆದರೂ ಬರಬೇಕ್ರಿ. ನಾ ಒಳಗ ಬಿದ್ದರ ನನ್ನ ಎತ್ತಾಕ ಇನ್ನಿಬ್ಬರು ಬರಬೇಕು. ಅವರ ಗಾಳಿನೂ ಖರ್ಚಾಗ್ತದ. ಹೊಸಾ ಸಿಲಿಂಡರ್ ಹಾಕ್ಕೊಂಡು ಮತ್ತ ಹೋಗೂದು. ಸಾಯಾಕಲ್ರಿ ನಮಗ ಕಲಿಸಿದ್ದು. ತರೂದು, ತಿರುಗಿ ಬರೂದು.’

ಹೆದರಿಕೆ ಆಗುವುದಿಲ್ಲವೇ ಎಂದು ಎಲ್ಲರೂ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದೆ. ‘ಆಗ್ತದ್ರಿ. ಹೆದರಿಕಿ ಇಲ್ಲಾ ಅನ್ನಾವನ್ನ ನಮ್ಮ ಸಾಹೇಬ್ರು ಒಳಗ ಕಳಸೂದಿಲ್ರಿ’ ಎಂದು ನಕ್ಕ.

ಆಗ ನಾನು ಲ್ಯಾಪ್‌ಟಾಪಿನ ವಿಷಯ ಹೇಳಿದೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಸ್ಕೂಟರ್ ನನ್ನದೇ ಎಂದೂ ಹೇಳಿದೆ. ಅವನು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ‘ಸ್ಕೂಟರ್ ಒಳಗ ಹಚ್ರಿ ಸರ್ ಇನ್ಮ್ಯಾಲೆ’ ಎಂದ. ಆಮೇಲೆ, ‘ಕೈಗೆ ಏನ್ ಸಿಗ್ತದೋ ಅದನ್ನ ಹಿಡ್ಕೊಂಡು ಓಡ್ತಾರ್ರಿ ಮಂದಿ. ಒಬ್ಬಾಕಿ ಕಸಬರಗಿ ಹಿಡ್ಕೊಂಡು ಬಂದು ನಿಂತಿದ್ಲು, ಮನಿಯಾಗ ಬಂಗಾರ ಬಿಟ್ಟು. ಆ ಹೊತ್ತಿನ್ಯಾಗ ತಲಿ ಕೆಲಸ ಮಾಡೂದಿಲ್ರಿ. ಅದಕ್ಕ ನಾವು ದಿನಾ ಅದದೇ ಡ್ರಿಲ್ ಮಾಡೂದು. ತಲಿ ನಿಂತರೂ ಕೈ ನಿಲ್ಲಬಾರದು’ ಎಂದ.

ಅಂಗಳದಲ್ಲಿ ನಾಲ್ಕೈದು ಜನ ಪೈಪು ಬಿಚ್ಚಿ, ಜೋಡಿಸಿ, ಮತ್ತೆ ಸುತ್ತುತ್ತಿದ್ದರು. ಬಿಸಿಲು ಸುಡುತ್ತಿತ್ತು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ವೀರತ್ವವನ್ನು ಒಂದು ಕ್ಷಣದ ಸಂಗತಿಯೆಂದು ಬರೆದಿದ್ದೆ. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಎತ್ತಿದ ಆ ಒಂದು ಗಳಿಗೆ, ನಡುವಿನದರಲ್ಲಿ ಅಪ್ಸರೆಯರು, ಮೇಲೆ ಸ್ವರ್ಗ. ಕಲ್ಲಿನಲ್ಲಿ ಕೆತ್ತಲು ಬರುವುದು ಅಷ್ಟೇ ಇರಬಹುದು. ಒಬ್ಬರ ಮಾಸ್ಕನ್ನು ಇನ್ನೊಬ್ಬರು ತಟ್ಟಿ ನೋಡಿದ ಹತ್ತು ಸೆಕೆಂಡನ್ನು, ದಿನವೂ ಪೈಪು ಸುತ್ತುವುದನ್ನು, ಸೀಟಿ ಹೊಡೆದಾಗ ಮನಸ್ಸಿಲ್ಲದೆ ತಿರುಗಿ ಬರುವುದನ್ನು ಯಾವ ಶಿಲ್ಪಿ ತಾನೆ ಕೆತ್ತಬಲ್ಲ? ಆದರೆ ದನ ಬಿಡಿಸಲು ಹೋದ ಆ ಹಳ್ಳಿಗರೂ ಅದಕ್ಕೆ ಮುಂಚೆ ಎಷ್ಟೋ ಸಲ ಹೋಗಿ, ದನ ಹೊಡೆದುಕೊಂಡು, ಬದುಕಿ ಬಂದಿರಬೇಕು. ಅವಕ್ಕೆ ಕಲ್ಲಿಲ್ಲ. ಶುಕ್ರವಾರ ಕೊಡಬೇಕಿದ್ದ ಅಧ್ಯಾಯವನ್ನು ಜೂನ್‌ನಲ್ಲಿ ಕೊಟ್ಟೆ, ಮೊದಲ ಅಧ್ಯಾಯವನ್ನೂ ತಿದ್ದಿ.

ಮನೆಗೆ ಸುಣ್ಣ ಬಣ್ಣ ಆಯಿತು. ಅಜ್ಜಿ ಮತ್ತೆ ಕಿಟಕಿಯ ಕೆಳಗಿನ ಮಂಚಕ್ಕೆ ಬಂದರು. ನನ್ನ ಸ್ಕೂಟರ್ ಈಗ ಗೇಟಿನೊಳಗೆ. ಠಾಣೆಗೆ ಹೋಗಿ ಬಂದ ವಾರವೇ ಭಾನುವಾರ ಪೇಪರ್ ಹಿಡಿದು ಕೂತವನು ಓದಲು ಶುರು ಮಾಡಲಿಲ್ಲ. ‘ಅಜ್ಜಿ, ಅವತ್ತು ನಾನು ನಿಮ್ಮನ್ನ ಮರೆತುಬಿಟ್ಟಿದ್ದೆ. ಲ್ಯಾಪ್‌ಟಾಪ್ ತಗೊಂಡು ಓಡಿಹೋದೆ’ ಎಂದೆ.

ಅಜ್ಜಿ ಕಿಟಕಿಯ ಕಡೆ ನೋಡಿದರು. ಅದರ ಆಚೆಗೇ ನನ್ನ ಮೆಟ್ಟಿಲು.

‘ನೀನು ಇಳಿದು ಓಡಿದ್ದು ಕೇಳಿಸ್ತು ಕಣಪ್ಪ. ಕೂಗ್ದೆ. ಕಿಟಕಿ ಹಾಕಿತ್ತಲ್ಲ, ನಿಂಗೆ ಕೇಳಿಸಲಿಲ್ಲ ಅಂತ ಕಾಣತ್ತೆ.’

ನನಗೆ ತಲೆ ಎತ್ತಲಾಗಲಿಲ್ಲ. ಹೊರಗೆ ಆಂಟಿ ಪಾತ್ರೆ ತೊಳೆಯುವ ಸದ್ದು. ಅಜ್ಜಿ ನನ್ನ ಮೊಣಕಾಲಿನ ಮೇಲಿದ್ದ ಪೇಪರನ್ನು ಬೆರಳಿನಿಂದ ತಟ್ಟಿದರು.

‘ಓದು. ಯಾರ್ಯಾರು ಹೋದ್ರು ನೋಡಣ.’

ಐದು ಹೆಸರುಗಳಿದ್ದವು. ಓದಿದೆ.